ಹದಿನಾಲ್ಕು ಹಲ್ಲು, ಒಂದು ನಿದ್ದೆ

ನನ್ನ ಮಗಳಿಗೆ ಹಗಲು ನಿದ್ದೆ ಎಂದರೆ ಯಾರೋ ಅವಮಾನ ಮಾಡಿದ ಹಾಗೆ. ರಾತ್ರಿ ಹೇಗೋ ಮಲಗುತ್ತಾಳೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬೆಳಿಗ್ಗೆ ಕಣ್ಣು ಬಿಟ್ಟು ಡ್ಯೂಟಿಗೆ ಹಾಜರಾದಳೆಂದರೆ ಮತ್ತೆ ಕತ್ತಲಾಗುವವರೆಗೆ ರೆಪ್ಪೆ ಮುಚ್ಚುವ ಮಾತಿಲ್ಲ. ಇನ್ನೂ ಏಳು ತಿಂಗಳ ಕೂಸು. ಯಾವ ಬಾಗಿಲು ತೆರೆಯಿತು, ಯಾವ ಡಬ್ಬಿ ಮುಚ್ಚಿತು, ಯಾರು ಸೀನಿದರು, ಎಲ್ಲವೂ ಅವಳ ಗಮನಕ್ಕೆ ಬರಲೇಬೇಕು. ಅವಳಪ್ಪ ಅವಳಿಗೆ ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟಿದ್ದಾರೆ.

ಹೆಸರಿಟ್ಟು ನಗುವುದು ಅವರಿಗೆ ಸುಲಭ. ಅವರು ನೀರಿನ ಮೀಟರ್ ಓದುವವರು. ಬೆಳಿಗ್ಗೆ ಏಳೂವರೆಗೆ ಚೀಲ ಹೆಗಲಿಗೇರಿಸಿ ಹೊರಟರೆ ದಿನವಿಡೀ ಮನೆಮನೆಯ ಬೆಲ್ ಒತ್ತುವುದೇ ಕೆಲಸ. ತಿಂಗಳ ಕೊನೆಯ ವಾರವಂತೂ ಬರುವಾಗ ರಾತ್ರಿ ಊಟದ ಹೊತ್ತು ಮೀರಿರುತ್ತದೆ. ಊರಲ್ಲಿ ಮಲಗಿದ ಮಕ್ಕಳನ್ನೆಲ್ಲ ಎಬ್ಬಿಸಿದ ಪಾಪ ನಮ್ಮ ಮನೆಗೇ ಸುತ್ತಿಕೊಂಡಿದೆ ಎಂದು ಒಂದು ದಿನ ಅವರ ಮುಖಕ್ಕೇ ಹೇಳಿದೆ. ಅವರು ಸ್ಟೂಲ್ ಹತ್ತಿ ನಮ್ಮ ಮನೆಯ ಬೆಲ್ಲಿನ ವೈರ್ ಕಿತ್ತಿಟ್ಟರು. ಅದರಿಂದ ಮೂರು ಕಾಸಿನ ಪ್ರಯೋಜನವೂ ಆಗಲಿಲ್ಲ.

ಅವಳು ಮಲಗದಿದ್ದರೆ ನಿನಗೇನು ಗಂಟು ಹೋಗುತ್ತದೆ ಎಂದು ಕೇಳುವವರಿದ್ದಾರೆ. ಹೋಗುತ್ತದೆ. ನಾನು ಹಲ್ಲು ಮಾಡುವವಳು. ಡಾಕ್ಟರ್ ಅಲ್ಲ, ಡಾಕ್ಟರು ಬಾಯಿಯ ಅಳತೆ ತೆಗೆದು ಕೊಡುತ್ತಾರೆ, ಆ ಅಳತೆಗೆ ನಾನು ಹಲ್ಲಿನ ಸೆಟ್ ಕಟ್ಟುತ್ತೇನೆ. ಪ್ಲಾಸ್ಟರಿನ ಅಚ್ಚಿನ ಮೇಲೆ ಗುಲಾಬಿ ಬಣ್ಣದ ಮೇಣ ಕೂರಿಸಿ, ಸ್ಪಿರಿಟ್ ದೀಪದ ಉರಿಯಲ್ಲಿ ಚಾಕು ಕಾಯಿಸಿ, ಮೇಣವನ್ನು ಅಷ್ಟಷ್ಟೇ ಕರಗಿಸಿ ಒಂದೊಂದು ಹಲ್ಲನ್ನೂ ಊರಿ ನಿಲ್ಲಿಸಬೇಕು. ಎಳ್ಳಷ್ಟು ವಾರೆಯಾದರೂ ಹಾಕಿಕೊಂಡವರ ಮುಖವೇ ಬೇರೆಯಾಗುತ್ತದೆ. ಉರಿಯುವ ದೀಪ ಮತ್ತು ಎಚ್ಚರವಿರುವ ಮಗು ಒಂದೇ ಮೇಜಿನ ಬಳಿ ಇರುವ ಹಾಗಿಲ್ಲ. ಹಾಗಾಗಿ ಅವಳು ಮಲಗಿದರೆ ಮಾತ್ರ ನನಗೆ ಕೆಲಸ.

ಮದುವೆಗೆ ಮುಂಚಿನಿಂದಲೂ ದೊಡ್ಡ ಲ್ಯಾಬಿನಲ್ಲಿ ಒಂಬತ್ತು ವರ್ಷ ಈ ಕೆಲಸ ಮಾಡಿದವಳು ನಾನು. ಹೆರಿಗೆಗೆಂದು ಬಿಟ್ಟೆ; ವಾಪಸ್ ಹೋಗುವಷ್ಟರಲ್ಲಿ ನನ್ನ ಕುರ್ಚಿಯಲ್ಲಿ ಇನ್ನೊಬ್ಬರು ಕೂತಿದ್ದರು. ಆಮೇಲೆ ಮಾರ್ಕೆಟ್ ಹಿಂದಿನ ಕ್ಲಿನಿಕ್ಕಿನ ಡಾಕ್ಟರಮ್ಮನ ಹತ್ತಿರ ಹೋಗಿ, ಮನೆಯಿಂದಲೇ ಮಾಡಿಕೊಡುತ್ತೇನೆ ಎಂದು ಕೇಳಿಕೊಂಡೆ. ಮಗು ಇರುವ ಮನೆಯಲ್ಲಿ ಈ ಕೆಲಸ ಆಗುತ್ತದೆಯೇ ಎಂದು ಅವರು ಅನುಮಾನಿಸಿದರು. ಅವಳು ಮಧ್ಯಾಹ್ನ ಎರಡು ಗಂಟೆ ಹೊತ್ತು ಕಲ್ಲಿನಂತೆ ಮಲಗುತ್ತಾಳೆ ಎಂದು ನಾನು ಕಣ್ಣು ಮಿಟುಕಿಸದೆ ಹೇಳಿದೆ. ಅವರು ನಂಬಿ, ಒಬ್ಬ ಅಜ್ಜಿಯ ಮೇಲಿನ ದವಡೆಯ ಪೂರ್ತಿ ಸೆಟ್ ಕೊಟ್ಟರು. ಹದಿನಾಲ್ಕು ಹಲ್ಲು. ಗುರುವಾರ ಬೆಳಿಗ್ಗೆ ಹತ್ತಕ್ಕೆ ಮೇಣದ ಸೆಟ್ಟನ್ನು ಅಜ್ಜಿಯ ಬಾಯಿಗಿಟ್ಟು ಟ್ರಯಲ್ ನೋಡುವುದು. ಸರಿಬಂದರೆ ಕ್ಲಿನಿಕ್ಕಿನ ಸೆಟ್‌ಗಳೆಲ್ಲ ಇನ್ನು ಮುಂದೆ ನನಗೆ, ತಡವಾದರೆ ಎಂದಿನಂತೆ ಲ್ಯಾಬಿಗೆ.

ಬುಧವಾರ ಬೆಳಗಾಗುವಾಗ ಎದ್ದು ನಿಂತಿದ್ದದ್ದು ಮುಂಭಾಗದ ಆರು ಹಲ್ಲು ಮಾತ್ರ. ನಾಲ್ಕು ದಿನದಲ್ಲಿ ಆರು. ಅವಳು ಆ ವಾರ ಎಂದಿಗಿಂತ ಹೆಚ್ಚು ಹಟ ಹಿಡಿದಿದ್ದಳು. ಮಾಡದ ಪ್ರಯತ್ನವಿಲ್ಲ. ಕಿಟಕಿಗೆ ಎರಡೆರಡು ಬೆಡ್‌ಶೀಟ್ ಕಟ್ಟಿ ಕತ್ತಲೆ ಮಾಡಿದೆ. ಬೆನ್ನು ತಟ್ಟಿದೆ, ಅಂಗಾಲು ತಿಕ್ಕಿದೆ, ಜೋಗುಳ ಮುಗಿದು ಶಾಲೆಯಲ್ಲಿ ಕಲಿತ ಮಗ್ಗಿಯನ್ನೂ ರಾಗವಾಗಿ ಹೇಳಿದೆ. ಹದಿಮೂರರ ಮಗ್ಗಿಗೆ ನನಗೇ ಕಣ್ಣು ಎಳೆಯಿತು, ಅವಳಿಗಿಲ್ಲ. ಫೋನಿನಲ್ಲಿ ಅತ್ತೆ, ತಮ್ಮ ಮಗನನ್ನು ನಿದ್ದೆಯಿಂದ ತಟ್ಟಿ ತಟ್ಟಿ ಎಬ್ಬಿಸಬೇಕಾಗಿತ್ತು ಎಂದು ಆ ಹಳೆಯ ವೈಭವವನ್ನು ಮತ್ತೊಮ್ಮೆ ವರ್ಣಿಸಿದರು. ಅದನ್ನು ಕೇಳಿಕೊಂಡು ನಾನು ಮಾಡುವುದಾದರೂ ಏನು?

ಅಂದು ಹತ್ತೂವರೆಗೆ ಶುರುಮಾಡಿ ಹನ್ನೊಂದೂಕಾಲಿಗೆ ಅವಳ ಕಣ್ಣು ಮುಚ್ಚಿಸಿದೆ. ಉಸಿರು ಬಿಗಿಹಿಡಿದು ಹಾಸಿಗೆಗೆ ಇಳಿಸಿದೆ. ಬೆನ್ನು ಹಾಸಿಗೆಗೆ ತಾಗಿದ್ದೇ ತಡ, ಕಣ್ಣು ತೆರೆಯಿತು. ಹನ್ನೆರಡಕ್ಕೆ ಮತ್ತೆ ಹತ್ತು ನಿಮಿಷ ಮಲಗಿದಳು. ದೀಪ ಹಚ್ಚಿ ಏಳನೆಯ ಹಲ್ಲು ಕೂರಿಸಿ ಎಂಟನೆಯದನ್ನು ಕೈಗೆತ್ತಿಕೊಂಡೆ, ಒಳಗಿನಿಂದ ಕೂಗು. ಒಂದು ಗಂಟೆಗೆ ಊಟ ಬಿಟ್ಟು ಮತ್ತೆ ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ಎಡತಾಕಿದೆ. ಮಲಗಿದಳು. ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ನಾನು ಮನುಷ್ಯರಂತೆ ಕೆಲಸ ಮಾಡಲಿಲ್ಲ, ಯಂತ್ರದಂತೆ ಮಾಡಿದೆ. ಹತ್ತು ಹಲ್ಲು ನಿಂತವು.

ಆಮೇಲೆ ಅವಳು ಎದ್ದಳು, ಅತ್ತಳು. ತೊಟ್ಟಿಲಿನ ಕಂಬಿಯನ್ನು ಬಾಯಿಗೆ ಹಾಕಿ ಚೀಪುತ್ತ, ನನ್ನನ್ನೇ ನೋಡುತ್ತ, ಬಿಡದೆ ಅತ್ತಳು. ಮುಷ್ಟಿ, ಬಟ್ಟೆ, ನನ್ನ ಭುಜ, ಸಿಕ್ಕಿದ್ದನ್ನೆಲ್ಲ ಬಾಯಿಗೆ ತುರುಕುವುದು, ಜೊಲ್ಲು ಸುರಿಸುವುದು, ಅಳುವುದು. ಹೊಟ್ಟೆ ತುಂಬಿತ್ತು, ಬಟ್ಟೆ ಒಣಗಿತ್ತು, ಮೈ ಬಿಸಿಯಿರಲಿಲ್ಲ. ನನಗೆ ತಲೆ ಕೆಟ್ಟುಹೋಯಿತು.

"ಮಲಗೇ ಪೀಡೆ, ಒಂದು ಗಂಟೆ ಮಲಗೇ," ಎಂದು ಚೀರಿ, ಪ್ಲಾಸ್ಟರ್ ಕಲಸುವ ರಬ್ಬರ್ ಬಟ್ಟಲನ್ನು ಗೋಡೆಗೆ ಬೀಸಿ ಎಸೆದೆ.

ಬಟ್ಟಲು ಪುಟಿದು ನೆಲಕ್ಕೆ ಬಿತ್ತು, ಮತ್ತೆ ಪುಟಿಯಿತು. ಇನ್ಸ್‌ಪೆಕ್ಟರ್ ಅಳು ನಿಲ್ಲಿಸಿ ಕೇಕೆ ಹಾಕಿ ನಕ್ಕಳು. ಇನ್ನೊಮ್ಮೆ ಎಸೆ ಎಂಬಂತೆ ಕೈ ಬಡಿದಳು. ಹಾಲು ಕುಡಿಯುವ ಕೂಸಿಗೆ ಪೀಡೆ ಎಂದೆನಲ್ಲ ಎಂದು ನಾಚಿಕೆಯಾಯಿತು. ಅವಳು ನಕ್ಕದ್ದಕ್ಕೆ ಸಿಟ್ಟು ಇನ್ನಷ್ಟು ಏರಿತು ಎನ್ನುವುದೂ ನಿಜ.

ಆಗ ನನಗೆ ಹಟ ಬಂತು. ದೀಪ ಆರಿಸಿ, ಚಾಕುವನ್ನು ಮೇಲಿನ ಶೆಲ್ಫಿಗೆ ಇಟ್ಟು, ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೇಜಿಗೆ ಕೂತೆ. ಕರಗಿಸುವ ಕೆಲಸ ಆಗದಿದ್ದರೆ ಬೇಡ, ಮಿಕ್ಕ ನಾಲ್ಕು ಹಲ್ಲನ್ನು ಆರಿಸಿ ಬೆರಳಲ್ಲಿ ಒತ್ತಿ ಜಾಗ ಗುರುತು ಮಾಡಿಟ್ಟುಕೊಳ್ಳೋಣ ಎಂದುಕೊಂಡೆ. ಆಶ್ಚರ್ಯವೆಂದರೆ ಅವಳು ತೆಪ್ಪಗೆ ಕೂತಳು. ಹದಿನಾಲ್ಕನೆಯದನ್ನು ಒತ್ತಿಡುವ ಹೊತ್ತಿಗೆ ಫೋನ್ ಬಂತು. ಡಾಕ್ಟರಮ್ಮ.

ಕೆಲಸ ಎಲ್ಲಿಗೆ ಬಂತು ಎಂದು ವಿಚಾರಿಸಿದರು. ಮುಗಿಯುತ್ತ ಬಂತು ಎಂದೆ. ಮಗು ಏನು ಮಾಡುತ್ತಿದೆ ಎಂದರು.

"ಮಲಗಿದಾಳೆ ಡಾಕ್ಟ್ರೇ," ಎಂದೆ.

ಎಡಗೈ ತೋಳಿನಲ್ಲಿ ಮಗು, ಬಲಗೈಯಲ್ಲಿ ಫೋನು, ಕಣ್ಣು ಕಿಟಕಿಯ ಕಡೆ. ಫೋನಿಟ್ಟು ತಿರುಗಿದರೆ ಹಲ್ಲಿನ ಸೆಟ್ ಅಚ್ಚಿನ ಮೇಲಿರಲಿಲ್ಲ. ಅವಳ ಎರಡು ಕೈಯಲ್ಲಿತ್ತು, ಅರ್ಧ ಬಾಯೊಳಗಿತ್ತು. ಕಿತ್ತುಕೊಂಡು ನೋಡಿದೆ. ಒಂದು ಪಕ್ಕದ ಮೇಣ ಜಜ್ಜಿಹೋಗಿತ್ತು, ಮೂರು ಹಲ್ಲು ಅಡ್ಡಬಿದ್ದಿದ್ದವು. ಎಣಿಸಿದೆ. ಹದಿಮೂರು. ಮತ್ತೆ ಎಣಿಸಿದೆ. ಹದಿಮೂರೇ.

ಆ ಗಳಿಗೆಯಲ್ಲಿ ನನ್ನ ಜೀವ ಬಾಯಿಗೆ ಬಂತು. ಕೆಲಸ, ಡಾಕ್ಟರಮ್ಮ, ಗುರುವಾರ, ಯಾವುದೂ ನೆನಪಿರಲಿಲ್ಲ. ಅವಳನ್ನು ಮುಂದಕ್ಕೆ ಬಗ್ಗಿಸಿ ಬಾಯೊಳಗೆ ಬೆರಳು ಹಾಕಿದೆ. ನಾಲಿಗೆಯ ಕೆಳಗೆ ಇಲ್ಲ. ಕೆನ್ನೆಯ ಒಳಗೆ ಇಲ್ಲ. ಕೆಳಗಿನ ವಸಡಿನ ಮುಂಭಾಗಕ್ಕೆ ಬಂದಾಗ ಬೆರಳಿಗೆ ತಾಗಿತು, ಗಟ್ಟಿಯಾಗಿ, ಚೂಪಾಗಿ. ಸಿಕ್ಕಿತು ಎಂದು ಉಗುರು ಕೊಟ್ಟು ಎಳೆದೆ. ಬರಲಿಲ್ಲ. ಇನ್ನೊಮ್ಮೆ ಎಳೆದೆ. ಅವಳು ನೋವಿಗೆ ಕಿರುಚಿದಳು.

ಅದು ಕಿತ್ತು ಬರುವ ಹಲ್ಲಲ್ಲ. ಅವಳದೇ ಹಲ್ಲು.

ಕೆಳತುಟಿ ಜಗ್ಗಿ ಬೆಳಕಿಗೆ ಹಿಡಿದು ನೋಡಿದೆ. ಒಂದಲ್ಲ, ಎರಡು. ಅಕ್ಕಿಯ ನುಚ್ಚಿನಷ್ಟು ಬಿಳಿ, ಸುತ್ತ ಕೆಂಪಗೆ ಊದಿದ ವಸಡು. ಕಳೆದುಹೋದ ನನ್ನ ಹಲ್ಲು ಅವಳ ಅಂಗಿಯ ಮಡಿಕೆಯಲ್ಲಿ ಬಿದ್ದಿತ್ತು. ಒಂಬತ್ತು ವರ್ಷ ಊರವರ ಬಾಯಿಯ ಅಚ್ಚು ನೋಡಿದವಳು, ಎಷ್ಟೋ ದಿನದಿಂದ ಹಲ್ಲು ಒಡೆಯುವ ನೋವಿಗೆ ನಿದ್ದೆಗೆಟ್ಟು ಅಳುತ್ತಿದ್ದ ನನ್ನ ಮಗಳ ಬಾಯಿಯನ್ನು ಒಂದು ಸಲವೂ ತೆರೆದು ನೋಡಿರಲಿಲ್ಲ. ಅವಳನ್ನು ಎದೆಗೆ ಒತ್ತಿಕೊಂಡು ಅತ್ತೆ. ಅವಳು ನನ್ನ ಭುಜ ಕಚ್ಚಿದಳು. ಕಚ್ಚಲಿ ಎಂದು ಸುಮ್ಮನಿದ್ದೆ.

ಮೀಟರ್ ಓದುವವರಿಗೆ ಫೋನ್ ಮಾಡಿದೆ. ಅವರು ಅರ್ಧ ಬೀದಿಯ ಮೀಟರುಗಳನ್ನು ನಾಳೆಗೆ ಬಿಟ್ಟು ಐದಕ್ಕೆಲ್ಲ ಬಂದರು. ಮೇಣದ ಹಿಂಬದಿಯ ಅಂಚಿನಲ್ಲಿ ಅವಳ ಹಲ್ಲಿನ ಎರಡು ಸಣ್ಣ ಗೀರು ಅಚ್ಚೊತ್ತಿದಂತೆ ಮೂಡಿದ್ದವು. ಅವರಿಗೆ ತೋರಿಸಬೇಕೆಂದು ಅಷ್ಟನ್ನು ಅಳಿಸದೆ ಉಳಿಸಿಕೊಂಡಿದ್ದೆ. ಅವರು ಬೆಳಕಿಗೆ ಹಿಡಿದು ನೋಡಿ, ಮೊದಲನೇ ರೀಡಿಂಗು ಎಂದು ನಕ್ಕು, ಮಗಳನ್ನು ಎತ್ತಿಕೊಂಡು ಹೊರಗೆ ಹೊರಟರು. ಅವರು ಬೀದಿ ಸುತ್ತಿ ಬರುವಷ್ಟರಲ್ಲಿ ನಾನು ಜಜ್ಜಿದ ಮೇಣವನ್ನೆಲ್ಲ ಕೆರೆದು ಹೊಸದು ತುಂಬಿ, ಹದಿನಾಲ್ಕೂ ಹಲ್ಲು ಕೂರಿಸಿ, ಔಷಧಿ ನೀರಿನಲ್ಲಿ ಅದ್ದಿ ತೊಳೆದು ಡಬ್ಬಿಗೆ ಹಾಕಿದೆ. ಆ ಎರಡು ಗೀರು ಅಳಿಸುವುದು ಮರೆತೇಹೋಯಿತು.

ಗುರುವಾರ ಮಗಳನ್ನು ಬಿಟ್ಟು ಹೋಗಲು ಯಾರೂ ಇರಲಿಲ್ಲ. ಅವಳನ್ನು ಕಂಕುಳಲ್ಲಿ ಎತ್ತಿಕೊಂಡೇ ಹತ್ತಕ್ಕೆ ಐದು ನಿಮಿಷ ಇರುವಾಗ ಕ್ಲಿನಿಕ್ ಮುಟ್ಟಿದೆ. ಅಜ್ಜಿ ಆಗಲೇ ಕುರ್ಚಿಯ ಮೇಲೆ ಒರಗಿದ್ದರು. ರೈಲಿನಲ್ಲಿ ಮೂವತ್ತು ವರ್ಷ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರಂತೆ; ಟಿಕೆಟ್ ಇಲ್ಲದವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದರು ಎಂದು ಡಾಕ್ಟರಮ್ಮ ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಸೆಟ್ ಕೂತಿತು. ಅಜ್ಜಿ ಕನ್ನಡಿ ಹಿಡಿದು ತುಟಿ ಅಗಲಿಸಿ, ಮುಚ್ಚಿ, ಮತ್ತೆ ಅಗಲಿಸಿ ನೋಡಿಕೊಂಡರು. ಅವರ ಒಳಸೇರಿದ ಕೆನ್ನೆ ತುಂಬಿಕೊಂಡಿತ್ತು. ಡಾಕ್ಟರಮ್ಮ ಬಣ್ಣದ ಕಾಗದ ಕಚ್ಚಿಸಿ ಸಾಲು ಪರೀಕ್ಷಿಸಿದರು, ತಲೆಯಾಡಿಸಿದರು. ನನ್ನ ಎದೆಯ ಭಾರ ಇಳಿಯುತ್ತಿತ್ತು. ಅಷ್ಟರಲ್ಲಿ ಸೆಟ್ ಹೊರತೆಗೆದು ತಿರುಗಿಸಿದವರು ಹಿಂದಿನ ಅಂಚಿನ ಮೇಲೆ ಬೆರಳಿಟ್ಟು, ಇದೇನು ಗೀರು ಎಂದು ಕೇಳಿದರು.

"ಚಾಕು ಜಾರಿತು ಡಾಕ್ಟ್ರೇ," ಎಂದೆ. ಕೈಕೆಲಸದ ಹೆಸರು ಹೋದರೂ ಸರಿ, ಮಗುವಿನ ಹೆಸರು ಬರಬಾರದು ಎನ್ನಿಸಿತು.

ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. ಅದೇ ಹೊತ್ತಿಗೆ ಇನ್ಸ್‌ಪೆಕ್ಟರಿಗೆ ಒಂದು ದೊಡ್ಡ ಆಕಳಿಕೆ ಬಂತು. ಅಜ್ಜಿ ಕುರ್ಚಿಯಿಂದಲೇ ಕತ್ತು ಚಾಚಿ ಅವಳ ಬಾಯೊಳಗೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು.

"ನಿಮ್ಮ ಚಾಕುಗೆ ಎರಡು ಹಲ್ಲು ಬಂದಿದೆಯಲ್ಲಮ್ಮ," ಎಂದರು.

ಡಾಕ್ಟರಮ್ಮ ಗೀರನ್ನು ನೋಡಿದರು, ಮಗುವನ್ನು ನೋಡಿದರು. ನನ್ನ ಕಿವಿ ಬಿಸಿಯಾಯಿತು.

"ಮಧ್ಯಾಹ್ನ ಎರಡು ಗಂಟೆ ಮಲಗ್ತಾಳೆ ಅಂದಿದ್ರಿ."

"ಇಲ್ಲ ಡಾಕ್ಟ್ರೇ. ಇಪ್ಪತ್ತು ನಿಮಿಷ ಮಲಗಿದ್ರೆ ಅದೇ ದೊಡ್ಡದು. ನಿನ್ನೆ ನೀವು ಫೋನ್ ಮಾಡಿದಾಗ್ಲೂ ಎದ್ದೇ ಇದ್ಲು. ಆವಾಗ್ಲೇ ಕಚ್ಚಿದ್ದು. ಆಮೇಲೆ ಎಲ್ಲಾ ಕೆರೆದು ತೊಳೆದು ಮತ್ತೆ ಮಾಡಿದೀನಿ."

ಅಜ್ಜಿ ಕೈ ಚಾಚಿ ಸೆಟ್ ವಾಪಸ್ ಕೇಳಿದರು. ಗೀರು ಇದ್ದರೇನು, ಕನ್ನಡಿಯಲ್ಲಿ ಇನ್ನೊಂದು ಸಲ ನೋಡಿಕೊಳ್ಳಬೇಕಿತ್ತಂತೆ. ಡಾಕ್ಟರಮ್ಮ ಕೊಡಲಿಲ್ಲ, ಅದನ್ನು ನನ್ನ ಡಬ್ಬಿಗೆ ಹಾಕಿದರು. ಆ ಅಂಚಿನ ಮೇಣ ಪೂರ್ತಿ ಬದಲಾಯಿಸಬೇಕು, ಸೋಮವಾರ ಮತ್ತೆ ತರಬೇಕು ಎಂದು ಬಿರುಸಾಗಿ ಹೇಳಿದರು. ಮುಗಿಯಿತು ನನ್ನ ಕಥೆ ಎಂದುಕೊಂಡೆ. ಅವರು ಕಪಾಟಿನಿಂದ ಇನ್ನೆರಡು ಪ್ಲಾಸ್ಟರ್ ಅಚ್ಚು ತೆಗೆದು ಕಾಗದದಲ್ಲಿ ಸುತ್ತತೊಡಗಿದರು.

"ಇದಕ್ಕೆ ಎಷ್ಟು ದಿನ ಬೇಕು? ನಿಜ ಹೇಳಿ."

"ಎಂಟು," ಎಂದೆ.

ಅವರು ಚೀಟಿಯ ಮೇಲೆ ಹತ್ತು ಎಂದು ಬರೆದರು. ಮುಂದಿನ ಪೇಷೆಂಟ್ ಕಾಯುತ್ತಿದ್ದಾರೆ, ಔಷಧಿ ಬರೆದುಕೊಡುತ್ತೇನೆ, ಮಗುವಿನ ವಸಡಿಗೆ ಹಚ್ಚಿ, ಐದು ನಿಮಿಷ ಹೊರಗೆ ಕೂತಿರಿ ಎಂದರು.

ಹೊರಗಿನ ಬೆಂಚಿನ ಮೇಲೆ ಕೂತೆ. ಒಳಗೆ ಯಾರದೋ ಹಲ್ಲು ಕೊರೆಯುವ ಯಂತ್ರ ಶುರುವಾಯಿತು. ದೊಡ್ಡವರೇ ಎದ್ದು ಓಡಿಹೋಗಬೇಕೆನಿಸುವ ಸದ್ದು. ನನ್ನ ಮಗಳು ಕಿವಿಗೊಟ್ಟು ಕೇಳಿದಳು. ಕಣ್ಣು ಅರ್ಧವಾಯಿತು. ತಲೆ ನನ್ನ ಬಲತೋಳಿಗೆ ಜಾರಿತು. ಮಲಗಿಬಿಟ್ಟಳು. ಔಷಧಿ ಚೀಟಿ ಬಂತು, ನನ್ನ ಕೈಗೆ ತೆಗೆದುಕೊಳ್ಳಲಾಗದೆ ಪಕ್ಕದಲ್ಲಿ ಇಡಿಸಿಕೊಂಡೆ. ಅಜ್ಜಿ ಬೆರಳನ್ನು ತುಟಿಗಿಟ್ಟು, ತುದಿಗಾಲಲ್ಲಿ ನಡೆದು ಹೋದರು. ಬಾಗಿಲು ತೆರೆಯಿತು, ಮುಚ್ಚಿತು, ಫೋನ್ ರಿಂಗಾಯಿತು, ಯಾರೋ ಸೀನಿದರು. ಇನ್ಸ್‌ಪೆಕ್ಟರ್ ಕದಲಲಿಲ್ಲ.

ಕಾಗದ ಸುತ್ತಿದ ಎರಡು ಅಚ್ಚು, ಒಂದು ಸೆಟ್ಟಿನ ಡಬ್ಬಿ ಪಕ್ಕದಲ್ಲಿ. ದೀಪ ಮನೆಯಲ್ಲಿ, ಚಾಕು ಮನೆಯಲ್ಲಿ, ಮೇಣ ಮನೆಯಲ್ಲಿ. ಗಡಿಯಾರ ಹನ್ನೊಂದಾಯಿತು, ಹನ್ನೊಂದೂವರೆಯಾಯಿತು, ಹನ್ನೆರಡು ದಾಟಿತು. ಒಂದು ಗಂಟೆ ನಲವತ್ತು ನಿಮಿಷ. ಇಷ್ಟು ಹೊತ್ತು ಮನೆಯಲ್ಲಿ ಮಲಗಿದ್ದರೆ ಹದಿನಾಲ್ಕು ಹಲ್ಲನ್ನೂ ಒಂದೇ ಏಟಿಗೆ ಕೂರಿಸಿಬಿಡುತ್ತಿದ್ದೆ. ತೋಳು ಮರಗಟ್ಟಿತ್ತು. ಅಳು ಬಂತು, ಆದರೆ ಅತ್ತರೆ ಎಲ್ಲಿ ಎದ್ದುಬಿಡುತ್ತಾಳೋ ಎಂದು ಅದನ್ನೂ ತಡೆದುಕೊಂಡು ಕೂತೆ.