ಪಟ್ಟಿಯ ಮೊದಲ ಹೆಸರು

ಲೋಕಪ್ಪನವರು ಯಾವುದೇ ಕೋಣೆಯಿಂದ ಹೊರಟರೂ ಅವರ ಬಲಗೈ ತಾನಾಗಿಯೇ ಗೋಡೆಯ ಸ್ವಿಚ್ಚಿನತ್ತ ಚಾಚುತ್ತಿತ್ತು; ಅದು ತಮ್ಮ ಕಚೇರಿಯೋ ನನ್ನ ಬಟ್ಟೆಯಂಗಡಿಯೋ ಎಂಬ ಭೇದ ಆ ಕೈಗೆ ಇರಲಿಲ್ಲ. ಗಿರಾಕಿಯ ಸಮೇತ ನನ್ನನ್ನು ಎಷ್ಟು ಸಲ ಕತ್ತಲಲ್ಲಿ ನಿಲ್ಲಿಸಿ ಹೋಗಿದ್ದಾರೋ, ಪುಣ್ಯಾತ್ಮ!

ಗೋವೆಯ ಸೆಖೆಯಲ್ಲೂ ಬಿಚ್ಚದ, ಮೊಣಕೈಗೆ ತೇಪೆ ಬಿದ್ದ ಬೂದು ಕೋಟು, ಅದರ ಜೇಬಿನಲ್ಲಿ ಹೆಬ್ಬೆರಳಿಗಿಂತ ಗಿಡ್ಡವಾದ ಪೆನ್ಸಿಲ್ಲು, ರಸ್ತೆ ಸವೆದೀತೆಂಬ ಸಂಕೋಚದಿಂದಲೋ ಎಂಬಂತೆ ಅಂಚು ಹಿಡಿದು ನಡೆಯುವ ನಡಿಗೆ. ನಮ್ಮ ಸಣ್ಣ ಪುರಸಭೆಯ ಲೆಕ್ಕಾಧಿಕಾರಿಯಾಗಿದ್ದೂ ಕಚೇರಿಯ ಜೀಪು ಹತ್ತದೆ ಮಂಗೋರ್ ಹಿಲ್‌ನ ತಮ್ಮ ಮನೆಯಿಂದ ದಿನಾ ಬಸ್ಸಿನಲ್ಲೇ ಬರುತ್ತಿದ್ದರು.

ಅವರು ಬಂದಾಗ ಪುರಸಭೆ ಹಳೆಯ ಸಾಲದ ಬಡ್ಡಿಗೆ ಹೊಸ ಸಾಲ ಮಾಡುತ್ತಿತ್ತು. ದಿಲ್ಲಿಯವರೂ ಪಣಜಿಯವರೂ ತಂತಮ್ಮ ಕೊರತೆ ತಗ್ಗಿಸುವ ಭರದಲ್ಲಿ ಅನುದಾನಕ್ಕೆ ಕೈ ಬಿಗಿಹಿಡಿದಿದ್ದರು. ಚೌತಿ ಹತ್ತಿರ ಬಂದರೂ ಕಸ ಗುಡಿಸುವ ಮುರುಗೆವ್ವನಂಥ ಮೂವತ್ತು ಜನರಿಗೆ ಮೂರು ತಿಂಗಳಿಂದ ಪಗಾರವಿರಲಿಲ್ಲ. ಇನ್ನೊಂದು ಸಾಲ ಎತ್ತೋಣವೆಂದರು ಸದಸ್ಯರು. ಲೋಕಪ್ಪನವರು ಒಪ್ಪದೆ, ಮನೆಪಟ್ಟಿಯ ತೆರಿಗೆ ಬಾಕಿ ಉಳಿಸಿಕೊಂಡವರ ಯಾದಿಯನ್ನು ಕಚೇರಿಯ ಬಾಗಿಲಿಗೆ ಅಂಟಿಸಿದರು.

ಮೊದಲ ಹೆಸರೇ ನಮ್ಮ ಕನ್ನಡ ಸಂಘದ್ದು! ಸಭಾಭವನವನ್ನು ಮದುವೆಗಳಿಗೆ ಬಾಡಿಗೆ ಕೊಡುತ್ತಿದ್ದ ನಾವು, ಏಳು ವರ್ಷದಿಂದ ತೆರಿಗೆ ಕಟ್ಟಿರಲಿಲ್ಲ; ಲೋಕಪ್ಪನವರು ಬಂದ ಮೇಲಂತೂ ನಮ್ಮವನೇ ಒಳಗಿರುವಾಗ ನಮಗೆಲ್ಲಿಯ ತೆರಿಗೆ ಎಂದುಕೊಂಡೆವು. ಪ್ರತಿ ಸಭೆಯಲ್ಲೂ ಅವರು ನೆನಪಿಸಿದ್ದನ್ನು ಚಹಾದೊಡನೆ ನುಂಗಿದ್ದೆವು. ನಾನು ಸಂಘದ ಅಧ್ಯಕ್ಷ, ಅವರೇ ಕಾರ್ಯದರ್ಶಿ. ಯಾದಿಯಲ್ಲಿ ‘ಹೊಣೆಗಾರ: ಲೋಕಪ್ಪ’ ಎಂದು ಕೈಯಾರೆ ಬರೆದಿದ್ದರು.

ಸಿಟ್ಟು ನೆತ್ತಿಗೇರಿ ನಾನು ಜಗಳಕ್ಕೆ ಹೋದೆ. ಅವರು ತಲೆಯೆತ್ತದೆ ಹೇಳಿದರು: “ನಮ್ಮನ್ನ ಬಿಟ್ಟು ಬ್ಯಾರೇದವರನ್ನ ಹೆಂಗ ಕೇಳ್ಲಿರಿ? ಮುರುಗೆವ್ವ ನಮ್ಮ ಭವನದ ಮುಂದಿನ ಕಸಾನೂ ಹೊಡಿಯಾಕತ್ತಾಳ.”

ಎಂಟು ದಿನ ಮಾತು ಬಿಟ್ಟೆ. ಒಂಬತ್ತನೆಯ ದಿನ ಸಂಘದ ಠೇವಣಿ ಮುರಿಸಿ ಬಾಕಿ ಕಟ್ಟಿದೆ. ನಮ್ಮ ಹೆಸರಿನ ಮೇಲೆ ಗೆರೆ ಬಿದ್ದದ್ದನ್ನು ಕಂಡು ಯಾದಿಯಲ್ಲಿದ್ದ ಹೋಟೆಲಿನವರೂ ಒಬ್ಬೊಬ್ಬರಾಗಿ ಬಂದು ಕಟ್ಟಿದರು. ಚೌತಿಗೆ ಎರಡು ದಿನ ಮೊದಲು ಪಗಾರವಾಯಿತು. ಆದರೆ ಮುಂದಿನ ಚುನಾವಣೆಯಲ್ಲಿ ಸಂಘ ಅವರನ್ನು ಕಾರ್ಯದರ್ಶಿ ಸ್ಥಾನದಿಂದ ಇಳಿಸಿತು. ವೇದಿಕೆಯ ಮೇಲೆ ಕೂತಿದ್ದ ನಾನು ಬಾಯಿ ಬಿಡಲಿಲ್ಲ. ಆ ನಾಚಿಕೆ ನನಗೆ ಇನ್ನೂ ಇದೆ.

ಹಳೆಯ ಸಾಲ ತೀರಲು ಒಂಬತ್ತು ವರ್ಷ ಹಿಡಿಯಿತು. ಕೊನೆಯ ಕಂತು ತುಂಬಿದ ದಿನ ಅಂಗಡಿಗೆ ಬಂದು, “ಮುಗೀತ್ರಿ” ಎಂದಷ್ಟೇ ಹೇಳಿ, ಚಹಾ ಕುಡಿದು, ದೀಪ ಆರಿಸಿ ಹೋದರು. ಹೋದ ವರ್ಷ ಅವರು ತೀರಿಕೊಂಡ ಮೇಲೆ ನನ್ನ ಅಂಗಡಿಯ ದೀಪ ಆರಿಸುವವರಿಲ್ಲ.

ರಸ್ತೆ ಮಾಡಿಸಿದವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಊರಿನ ಸಾಲ ತೀರಿಸಿದವರಿಗೆ ಕಲ್ಲು ನೆಡುವ ಪದ್ಧತಿ ಎಲ್ಲೂ ಇಲ್ಲ. ಇಂಥವರು ಇರುವಷ್ಟು ದಿನ ನಾವು ಅವರನ್ನು ಜಿಪುಣರೆನ್ನುತ್ತೇವೆ, ಸ್ವಂತದವರನ್ನೇ ಬಿಡದ ಕಟುಕರೆನ್ನುತ್ತೇವೆ. ಅವರು ಕೂಡಿಟ್ಟದ್ದು ಯಾರ ಪಾಲಿನದೆಂದು ತಿಳಿಯುವುದು, ಒಂದನೇ ತಾರೀಖಿನ ಸಂಜೆ ಮುರುಗೆವ್ವ ಪಗಾರ ಸೆರಗಿಗೆ ಕಟ್ಟಿಕೊಂಡು ನನ್ನ ಅಂಗಡಿಗೆ ಸೀರೆ ಆರಿಸಲು ಬಂದಾಗ.