ಕೈಬಿಟ್ಟ ಹತ್ತು ಪುಟ

ಓಬವ್ವ ಕೆರೆ ಏರಿಯ ಮೇಲೆ ಎಮ್ಮೆಗೆ ಹುಲ್ಲು ಕೊಯ್ಯುತ್ತಿದ್ದಳು. ನಂದಿಗುಡಿ ಬಸ್ಸಿಳಿದು ನಡೆದು ಬಂದ ಅಂಬಿಕಾ ಆಕೆಯ ಪಕ್ಕದಲ್ಲೇ ಕೂತು ಫಾರಂ ತೆಗೆದಳು. ನಿಟ್ಟುವಳ್ಳಿಯ ಅಂಬಿಕಾಗೆ ದಾವಣಗೆರೆಯ ಒಂದು ಖಾಸಗಿ ಸರ್ವೆ ಸಂಸ್ಥೆಯಲ್ಲಿ ಕೆಲಸ. ಜೊಂಡು ಬೆಳೆದ ಈ ಕೆರೆಯಿಂದ ಊರಿಗೆ ಏನು ಪ್ರಯೋಜನ ಎಂದು ಬರೆದುಕೊಳ್ಳಬೇಕಿತ್ತು.

"ಇದ್ರಿಂದ ಏನೂ ಇಲ್ಲವ್ವ," ಎಂದಳು ಓಬವ್ವ. "ಗದ್ದಿಗೆ ಚಾನಲ್ ನೀರು ಐತೆ, ಕುಡಿಯಾಕ ನಳ ಐತೆ."

ಅಂಬಿಕಾ ಬಿಡಲಿಲ್ಲ. ಮೀನು, ಹುಲ್ಲಿನಂತೆ ಕೈಗೆ ಸಿಗುವುದು ನೇರ ಪ್ರಯೋಜನ. ಕೆರೆ ತನ್ನ ಪಾಡಿಗೆ ಮಾಡುವ ಕೆಲಸದಿಂದ ನಮಗಾಗುವ ಒಳಿತು ಪರೋಕ್ಷ ಪ್ರಯೋಜನ ಎಂದು ಬಿಡಿಸಿ ಹೇಳಿದಳು. ಓಬವ್ವ ಕುಡುಗೋಲು ಕೆಳಗಿಟ್ಟಳು. ಕೆರೆ ತುಂಬಿದ ವರ್ಷ ಊರ ಬೋರ್‌ವೆಲ್ ಬತ್ತುವುದಿಲ್ಲ ಎಂದಳು. ಜೋರು ಮಳೆಯ ನೀರು ಇಲ್ಲಿ ತಂಗುವುದರಿಂದಲೇ ಕೆಳಗೇರಿ ಮುಳುಗದೆ ಉಳಿದಿದೆ. ಬಚ್ಚಲ ನೀರು ಜೊಂಡಿನಲ್ಲಿ ಸೋಸಿ ತಿಳಿಯಾಗುತ್ತದೆ. ಇಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿಗಳು ಗದ್ದೆಯ ಹುಳ ಹೆಕ್ಕುತ್ತವೆ. ದಾರಿಹೋಕ ಹೆಂಗಸರೂ ಬಂದು ಸೇರಿದರು. ನೀರಿಂಗಿಸುವುದು, ನೆರೆ ತಡೆಯುವುದು, ಕೊಳೆ ಕಳೆಯುವುದು, ಕೀಟ ಹಿಡಿಯುವುದು ಎಂದು ವಿಂಗಡಿಸುತ್ತ ಅಂಬಿಕಾ ಹತ್ತು ಪುಟ ತುಂಬಿಸಿದಳು. ಓಬವ್ವ ಅವಳನ್ನು ಮನೆಗೆ ಕರೆದೊಯ್ದು ರೊಟ್ಟಿ ಬಡಿದು ಹಾಕಿದಳು.

ಮೂರು ತಿಂಗಳ ಮೇಲೆ ಮಲೆಬೆನ್ನೂರಿನಲ್ಲಿ ಸರ್ಕಾರಿ ಅಧಿಕಾರಿಯ ಮುಂದೆ ಊರವರ ಸಭೆ ನಡೆಯಿತು. ಕೆರೆ ಮುಚ್ಚಿ ದೊಡ್ಡ ಗೋದಾಮು ಕಟ್ಟುವ ಪ್ರಸ್ತಾವ ಬಂದಿತ್ತು. ವರದಿ ಓದಿದವನು ಅಂಬಿಕಾಗೆ ಈ ಕೆಲಸವನ್ನು ಅಕ್ಷರ ತಿದ್ದಿಸಿದಂತೆ ಕಲಿಸಿದ್ದ, ಅವಳ ಸಂಸ್ಥೆಯ ಮೇಲಧಿಕಾರಿ ಬಸವಕಿರಣ್.

"ನೇರ ಪ್ರಯೋಜನ ಅತ್ಯಲ್ಪ. ಪರೋಕ್ಷ ಪ್ರಯೋಜನ ಕಂಡುಬಂದಿಲ್ಲ. ಮಾಹಿತಿ ಸಂಗ್ರಹಿಸಿದವರು, ಅಂಬಿಕಾ."

ಅವನು ಬಂದು ಪಕ್ಕದಲ್ಲಿ ಕೂತಾಗ ಅಂಬಿಕಾ ತನ್ನ ಹತ್ತು ಪುಟ ಎಲ್ಲಿ ಎಂದು ಕೇಳಿದಳು. ಗೋದಾಮು ಬಂದರೆ ಸುತ್ತಲಿನವರಿಗೆ ಕೆಲಸ ಸಿಗುತ್ತದೆ, ಅದೂ ಒಳ್ಳೆಯದೇ ಅಲ್ಲವೇ ಎಂದ. "ಕಣ್ಣಿಗೆ ಕಾಣದ್ದನ್ನ ಹೆಂಗೆ ತೋರಿಸ್ಲಿ ಅಂಬಿಕಾ? ಯಾರು ನಂಬ್ತಾರೆ?"

"ನಾನು ನಿಮ್ಮನ್ನ ನಂಬಿದ್ದೆ ಸರ್."

ಅಷ್ಟರಲ್ಲಿ ಓಬವ್ವ ಹೆಂಗಸರ ಸಾಲಿನಿಂದ ಎದ್ದು ಬಂದಿದ್ದಳು. ದನಿ ಏರಿಸಲಿಲ್ಲ.

"ನಮ್ಮನ್ಯಾಗ ಉಂಡು, ನಮ್ಮ ಬಾಯಾಗಿಂದು ಬರ್ಕೊಂಡು ಹೋಗಿ, ಕಡೀಗೆ ಏನೂ ಇಲ್ಲ ಅಂತ ಬರದ್ಯಲ್ಲ ತಾಯಿ."

ನಾನಲ್ಲ ಎನ್ನಲು ಅಂಬಿಕಾ ಬಾಯಿ ತೆರೆದಳು. ಆದರೆ ವರದಿಯಲ್ಲಿ ಇದ್ದದ್ದು ತನ್ನ ಹೆಸರೇ. ಬಸವಕಿರಣ್ ಬೇಡವೆಂದು ತಲೆಯಾಡಿಸುತ್ತಿದ್ದಂತೆ ಎದ್ದು ಅಧಿಕಾರಿಯ ಮೇಜಿನ ಬಳಿ ಹೋದಳು. ತಾನು ಬರೆದದ್ದನ್ನು ತೆಗೆದುಹಾಕಿದ್ದಾರೆ, ತೆಗೆದದ್ದನ್ನು ಓದಲು ಅವಕಾಶ ಕೊಡಿ ಎಂದಳು. ಪುಟಗಳ ಫೋಟೊ ಮೊಬೈಲಿನಲ್ಲಿತ್ತು. ಯಾರು ಏನು ಹೇಳಿದ್ದರೋ ಅದನ್ನು ಅವರವರ ಹೆಸರು ಹಿಡಿದೇ ಓದಿದಳು. ಓದಿ ಮುಗಿಸುವಷ್ಟರಲ್ಲಿ ಬಸವಕಿರಣನ ಕುರ್ಚಿ ಖಾಲಿಯಾಗಿತ್ತು. ನಾಳೆಯಿಂದ ಆಫೀಸಿನಲ್ಲಿ ತನಗೆ ಜಾಗವಿಲ್ಲವೆಂದು ಅವಳಿಗೆ ತಿಳಿಯಿತು.

ಅಧಿಕಾರಿ ವರದಿಯನ್ನು ಬದಿಗಿಟ್ಟು, ಬೇರೆಯವರಿಂದ ಹೊಸದಾಗಿ ಸರ್ವೆ ಮಾಡಿಸುತ್ತೇನೆ ಎಂದರು.

ಓಬವ್ವ ಮೇಜಿನ ಹತ್ತಿರ ಬಂದಳು.

"ಬ್ಯಾರೆದವ್ರು ಬ್ಯಾಡ್ರಿ ಸಾಹೇಬ್ರ, ಈಕೀನೇ ಬರ್ಲಿ," ಎಂದಳು. "ಆದ್ರ ಈ ಸಲ ಬರ್ಕೊಂಡಿದ್ದು ನಮ್ಮೆದುರಿಗೇ ಓದ್ಬೇಕು. ಓದಿದ ಮ್ಯಾಗ್ಲೇ ನಾವು ಹೆಬ್ಬಟ್ಟು ಒತ್ತೋದು."