ಒಂಬತ್ತನೇ ದಿನದ ಹಿಂಬದಿ ಕೋಣೆ

ಎಲ್ಲಿಂದ ಶುರುಮಾಡಲಿ?

ಕೈಮುಗಿದು ಕೂತಿದ್ದೇನೆ. ಕಥೆಗೆ ಕೂರುವ ಮುಂಚೆ ಒಂದು ಗಳಿಗೆ ಕಣ್ಣುಮುಚ್ಚುವುದು ಚಿಕ್ಕಂದಿನಿಂದ ಬಂದ ಅಭ್ಯಾಸ. ನನಗೆ ಕಥೆ ಕಲಿಸಿದ ಅಜ್ಜಿ ಹಾಗೇ ಮಾಡುತ್ತಿದ್ದಳು. ಅವಳು ಕಣ್ಣು ತೆರೆದ ಮೇಲೆ ಎದುರಿಗೆ ಕೂತವರು ಮಾತುಮಾತಿಗೂ ಹೂಂಗುಟ್ಟಬೇಕು; ನಮ್ಮ ಹೂಂ ನಿಂತರೆ ಅವಳ ಕಥೆಯೂ ನಿಲ್ಲುತ್ತಿತ್ತು. ಓದುಗರೇ, ನೀವು ಹೂಂ ಅನ್ನುತ್ತಿದ್ದೀರೋ ಇಲ್ಲವೋ ನನಗೆ ಕೇಳಿಸುವುದಿಲ್ಲ. ಹಾಗಾಗಿ ನಿಮ್ಮ ಮೇಲೂ ನನಗೆ ಸ್ವಲ್ಪ ಅನುಮಾನವೇ.

ಕಡಲಿನಿಂದ ಶುರುಮಾಡಬಹುದಿತ್ತು. ಒಂದು ಪುಟ ಬರೆದೆ ಕೂಡ: ತೆರೆ, ನೊರೆ, ಕೈಹಿಡಿದು ನಡೆಯುವ ಇಬ್ಬರು. ಓದಿ ನೋಡಿದರೆ ಕ್ಯಾಲೆಂಡರಿನ ಚಿತ್ರ. ಅದೂ ಅಲ್ಲದೆ ಇವರಿಬ್ಬರೂ ಇನ್ನೂ ಮನೆಯನ್ನೇ ಬಿಟ್ಟಿಲ್ಲ. ಹರಿದೆ.

1

ಹಾಗಾದರೆ ಊಟದ ಮೇಜಿನಿಂದ. ಶನಿವಾರ, ಸಂಜೆ ಐದು ಗಂಟೆ.

ಮೇಜಿನ ಮೇಲೆ ಏಳು ಹಾಳೆಯ ಒಂದು ಪ್ಲಾನ್, ಮೂಲೆಗೆ ಪಿನ್ನು ಹೊಡೆದದ್ದು. ಹತ್ತೊಂಬತ್ತು ದಿನದ ಹನಿಮೂನ್: ಮೊದಲು ಎರಡು ದೊಡ್ಡ ನಗರ, ಆಮೇಲೆ ಕಡಲತೀರ, ಕೊನೆಗೆ ಕಾಡಿನೊಳಗೆ ಒಂದು ಮರದ ಮನೆ. ಮೂರು ವಿಮಾನ, ಒಂದು ರೈಲು, ಒಂದು ದೋಣಿ. ಮೇಜಿನ ಈ ಕಡೆ, ಮದುವೆಯಾಗಿ ಹನ್ನೆರಡು ದಿನವಾದ ಹೆಂಡತಿ. ವಿಮಾ ಕಚೇರಿಯಲ್ಲಿ ಕ್ಲೇಮು ಪರಿಶೀಲಿಸುವುದು ಅವಳ ಕೆಲಸ. ಸುಟ್ಟುಹೋದ ಅಂಗಡಿಯ ಫೋಟೋ ನೋಡಿ, ‘ಬೆಂಕಿ ಬೀಳೋ ಮುಂಚೆ ಗೋಡೆಯ ಗಡಿಯಾರ ತೆಗೆದಿಟ್ಟವರು ಯಾರು?’ ಎಂದು ಕೇಳುವವಳು. ಆ ಕಡೆ ಗಂಡ. ಲಿಫ್ಟ್ ರಿಪೇರಿಯವನು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಗ್ರೀಸು ಉಳಿದಿರುತ್ತದೆ. ಪ್ರವಾಸದ ಕಚೇರಿ ಇರುವ ಕಟ್ಟಡದ ಲಿಫ್ಟನ್ನು ನೋಡಿಕೊಳ್ಳುವವನು ಅವನೇ ಆದ್ದರಿಂದ, ಬುಧವಾರ ಅಲ್ಲಿಂದ ಪ್ಲಾನ್ ತಂದವನೂ ಅವನೇ.

ಅವಳು ಹಾಳೆಗಳನ್ನು ಓದುತ್ತಿದ್ದಾಳೆ. ಅವಳ ಓದು ನಮ್ಮ ನಿಮ್ಮ ಓದಿನಂತಲ್ಲ. ಕಡೆಯಿಂದ ಹಿಂದಕ್ಕೆ ಓದುತ್ತಾಳೆ. ಸುಳ್ಳು ಬರೆಯುವವರಿಗೆ ಕೊನೆಯ ಹಾಳೆ ಹೊತ್ತಿಗೆ ಸುಸ್ತಾಗಿರುತ್ತದೆ ಎನ್ನುವುದು ಅವಳ ಅನುಭವ.

ಒಂಬತ್ತನೇ ದಿನದ ಕೆಳಗೆ, ಹೋಟೆಲಿನವರಿಗೆಂದು ಸಣ್ಣ ಅಕ್ಷರದಲ್ಲಿ ಬರೆದ ಸೂಚನೆ: ‘ಮೇಡಂಗೆ ಕಡಲಿನ ಸದ್ದಿಗೆ ನಿದ್ದೆ ಬರುವುದಿಲ್ಲ. ದಯವಿಟ್ಟು ಹಿಂಬದಿಯ ಕೋಣೆ ಕೊಡಿ.’

"ಇಲ್ಲೊಂದು ಸಾಲಿದೆ, ನೋಡಿದ್ಯಾ?" ಎಂದಳು.

"ಟೈಪಿಂಗ್ ಮಿಸ್ಟೇಕ್ ಇರ್ಬೇಕು ಬಿಡು," ಎಂದ ಗಂಡ. ತಲೆ ಎತ್ತಲಿಲ್ಲ.

(ಯಾವ ಸಾಲು ಎಂದು ಅವಳು ಇನ್ನೂ ಹೇಳಿರಲಿಲ್ಲ. ನೀವು ಗಮನಿಸಿದಿರೋ? ನಾನು ಗಮನಿಸಿರಲಿಲ್ಲ. ಅವಳು ಗಮನಿಸಿದಳು.)

1, ಮತ್ತೊಮ್ಮೆ

ಇದನ್ನು ಅಸೂಯೆಯ ಕಥೆ ಮಾಡೋಣ ಎಂದು ಹೊರಟೆ. ಗಂಡನಿಗೆ ಹಿಂದೆ ಒಬ್ಬಳಿದ್ದಳು, ಆ ಹೋಟೆಲಿಗೆ ಅವಳ ಜೊತೆ ಹೋಗಿದ್ದ, ‘ಮೇಡಂ’ ಎಂದರೆ ಆಕೆಯೇ. ಎರಡು ಪುಟ ಸರಾಗವಾಗಿ ಬಂತು. ಅಷ್ಟು ಸರಾಗವಾಗಿ ಬಂದದ್ದು ನೋಡಿಯೇ ಅನುಮಾನವಾಯಿತು. ಎಲ್ಲೋ ಕೇಳಿದ್ದನ್ನೇ ನಕಲು ಹೊಡೆಯುತ್ತಿದ್ದೇನೆ.

ತಪ್ಪೊಪ್ಪಿಕೊಳ್ಳುತ್ತೇನೆ. ನನ್ನ ಅಜ್ಜಿಯ ಬಳಿ ಇದ್ದದ್ದು ಒಟ್ಟು ಆರೋ ಏಳೋ ಕಥೆ. ರಾಜನನ್ನು ವ್ಯಾಪಾರಿ ಮಾಡಿ, ವ್ಯಾಪಾರಿಯನ್ನು ಕುಂಬಾರ ಮಾಡಿ, ವರ್ಷವಿಡೀ ಹೇಳುತ್ತಿದ್ದಳು. ಒಮ್ಮೆ ಆ ಅವಸರದಲ್ಲಿ ಕುಂಬಾರನ ತಲೆಯ ಮೇಲೆ ಕಿರೀಟ ಉಳಿದುಬಿಟ್ಟಿತು. ಮಣ್ಣು ತುಳಿಯುವವನಿಗೆ ಕಿರೀಟ ಎಲ್ಲಿಂದ ಬಂತು ಎಂದು ನಾವ್ಯಾರೂ ಕೇಳಲಿಲ್ಲ. ಹೂಂ ಅಂದೆವು.

2

ಭಾನುವಾರ ಹೆಂಡತಿ ತನ್ನ ಚಿಕ್ಕಮ್ಮನಿಗೆ ಫೋನ್ ಮಾಡಿದಳು.

"ಮದುವೆಯಾಗಿ ಎರಡು ವಾರ ಆಗಿಲ್ಲ, ಆಗ್ಲೇ ಗಂಡನ ಮೇಲೆ ಫೈಲ್ ಓಪನ್ ಮಾಡಿದೀಯೇನೇ?" ಎಂದಳು ಚಿಕ್ಕಮ್ಮ.

"ಫೈಲ್ ಅಲ್ಲ ಚಿಕ್ಕಮ್ಮ. ಬರೀ ಒಂದು ಪ್ರಶ್ನೆ."

"ಪ್ರಶ್ನೆ ಇದ್ರೆ ಅವನನ್ನ ಕೇಳು. ನನ್ನನ್ನ ಕೇಳಿದ್ರೆ? ನಾನೇನು ಅವನ ಜೊತೆ ಹನಿಮೂನ್‌ಗೆ ಹೋಗಿದ್ನಾ?"

"ಅವನನ್ನ ಕೇಳಿದ್ರೆ ಉತ್ತರ ಕೊಡ್ತಾನೆ. ಅದೇ ಕಷ್ಟ. ಕೊಟ್ಟ ಮೇಲೆ ನಂಬಬೇಕಾಗುತ್ತೆ."

(ಈ ಮಾತನ್ನು ನಾನು ಅವಳ ಬಾಯಲ್ಲಿ ಇಟ್ಟದ್ದಲ್ಲ. ಅವಳೇ ಆಡಿದಳು. ನಾನು ಬರೆದುಕೊಂಡೆ, ಅಷ್ಟೆ.)

4

ಮೂರನ್ನು ಬಿಸಾಡಿದೆ. ಅದರಲ್ಲಿ ಅವಳು ಅವನ ಫೋನನ್ನು ಕದ್ದು ನೋಡುತ್ತಿದ್ದಳು. "ನಾನು ಅಂಥವಳಲ್ಲ" ಎಂದು ಜಗಳಕ್ಕೇ ಬಂದಳು. "ಕಾಗದ ನೋಡ್ತೀನಿ, ಜೇಬು ನೋಡಲ್ಲ. ಹಾಗೆ ಬರೆದ್ರೆ ನಾನು ನಿಮ್ಮ ಕಥೆಯಲ್ಲಿ ಇರೋದೇ ಇಲ್ಲ." ಕ್ಷಮೆ ಕೇಳಿದೆ.

ಸೋಮವಾರ ಬೆಳಿಗ್ಗೆ ಗಂಡನ ಹತ್ತಿರವೇ ಹೋದೆ. ಒಂದು ಹಳೆಯ ಕಟ್ಟಡದಲ್ಲಿ ಲಿಫ್ಟಿನ ನೆತ್ತಿಯ ಮೇಲೆ ಕೂತು ತಂತಿಹಗ್ಗಕ್ಕೆ ಎಣ್ಣೆ ಒರೆಸುತ್ತಿದ್ದ.

"ನಿಜ ಹೇಳಪ್ಪ. ಆ ಸಾಲಿನ ವಿಷಯ ನಿನಗೆ ಮೊದಲೇ ಗೊತ್ತಿತ್ತು ತಾನೆ?"

"ಸಾರ್, ನೀವು ಅವಳ ಕಡೆಯವರು."

"ನಾನು ಯಾರ ಕಡೆಯವನೂ ಅಲ್ಲ."

"ಶುರುವಿನಿಂದ ಅವಳ ಪಕ್ಕದಲ್ಲೇ ಕೂತು ಬರೀತಿದೀರ. ನಾನು ತಲೆ ಎತ್ತಲಿಲ್ಲ ಅಂತ ಬರೆದ್ರಿ. ಯಾಕೆ ಎತ್ತಲಿಲ್ಲ ಅಂತ ಕೇಳಿದ್ರಾ?"

"ಈಗ ಕೇಳ್ತಿದೀನಿ."

"ಈಗ ನಾನು ಡ್ಯೂಟಿಲಿದೀನಿ," ಎಂದು ಬಟನ್ ಒತ್ತಿ, ಲಿಫ್ಟಿನ ಸಮೇತ ಕತ್ತಲೊಳಗೆ ಇಳಿದುಹೋದ. ನಾನು ಮೂರನೇ ಮಹಡಿಯಲ್ಲಿ ನಿಂತೇ ಇದ್ದೆ. ನನ್ನ ಪಾತ್ರವೇ ನನ್ನನ್ನು ಹೀಗೆ ಬಿಟ್ಟು ಹೋದದ್ದು ಮೊದಲ ಸಲವೇನಲ್ಲ.

5

ಅದೇ ದಿನ ಮಧ್ಯಾಹ್ನ, ಊಟದ ಬಿಡುವಿನಲ್ಲಿ, ಹೆಂಡತಿ ಪ್ರವಾಸದ ಕಚೇರಿಗೆ ಹೋದಳು. ಒಂದೇ ಕೋಣೆ. ಗೋಡೆಯ ಮೇಲೆ ಬಿಸಿಲಿಗೆ ಬಣ್ಣ ಹೋದ ದ್ವೀಪಗಳು. ಗಾಜಿನ ಮೇಜಿನ ಹಿಂದೆ, ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡ ಒಬ್ಬ ಹೆಂಗಸು. ಕಚೇರಿ ಅವಳದೇ, ಪ್ಲಾನ್ ಬರೆಯುವವಳೂ ಅವಳೇ. ಎಲ್ಲರೂ ಅಕ್ಕ ಎನ್ನುತ್ತಾರೆ.

"ಅಕ್ಕಾ, ಈ ಮೇಡಂ ಯಾರು?"

"ನೀವೇ ಅಲ್ವೇನಮ್ಮಾ?"

"ನಾನು ಕಡಲನ್ನ ನೋಡೇ ಇಲ್ಲ. ನಿದ್ದೆ ಬರುತ್ತೋ ಬಿಡುತ್ತೋ ನನಗೇ ಗೊತ್ತಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ಅಕ್ಕ ಕನ್ನಡಕ ಏರಿಸಿ ಓದಿದಳು. ಇನ್ನೊಮ್ಮೆ ಓದಿದಳು. "ಅಯ್ಯೋ ದೇವರೇ," ಎಂದಳು. "ಇದಿನ್ನೂ ಇದೆಯಾ?"

ಆಮೇಲೆ ಹೇಳಿದಳು. ಹೊಸ ಪ್ಲಾನ್ ಅಂತ ಅವಳು ಬರೆಯುವುದೇ ಇಲ್ಲ. ಹಳೆಯದೊಂದನ್ನು ತೆರೆದು, ಹೆಸರು ಬದಲಿಸಿ, ತಾರೀಖು ಬದಲಿಸಿ, ಹೊಸ ಹೆಸರಿನಲ್ಲಿ ಸೇವ್ ಮಾಡುತ್ತಾಳೆ. ನಗರ, ಕಡಲು, ಕಾಡು ಎಂದು ಕೇಳಿಕೊಂಡು ಬಂದವರಿಗೆಲ್ಲ ಇದೊಂದೇ.

"ಮೊದಲು ಯಾರಿಗೆ ಬರೆದದ್ದು ಇದು? ನಿಜ ಹೇಳಿ ಅಕ್ಕ. ನಮ್ಮ ಮನೆಯವರು ಇಲ್ಲಿಗೆ ಮುಂಚೆ ಯಾರ ಜೊತೆಗಾದ್ರೂ..."

"ಛೇ ಛೇ. ನಿಮ್ಮ ಮನೆಯವರು ಇಲ್ಲಿ ಲಿಫ್ಟ್ ಬಿಟ್ಟು ಬೇರೆ ಯಾರ ಜೊತೆ ಮಾತಾಡಿದ್ದನ್ನೂ ನಾನು ನೋಡಿಲ್ಲ. ಇದು ನನ್ನದು."

"ಅಂದ್ರೆ?"

"ನನ್ನ ಹನಿಮೂನ್. ಹದಿನಾಲ್ಕು ವರ್ಷ ಆಯ್ತು. ಮೇಡಂ ಅಂದ್ರೆ ನಾನೇ."

"ಚೆನ್ನಾಗಿತ್ತಾ?" ಎಂದು ಕೇಳಿದಳು.

"ನಗರ ಚೆನ್ನಾಗಿತ್ತು. ಒಂಬತ್ತನೇ ದಿನ ವಾಪಸ್ ಬಂದ್ವಿ. ಕಾಡು ಹೇಗಿದೆಯೋ ನನಗೆ ಗೊತ್ತಿಲ್ಲ. ಹೋದವರೆಲ್ಲ ಚೆನ್ನಾಗಿದೆ ಅಂತಾರೆ." ಯಾಕೆ ವಾಪಸ್ ಬಂದರು ಎನ್ನುವುದನ್ನು ಅಕ್ಕ ಹೇಳಲಿಲ್ಲ. ಹಾಳೆ ತಿರುಗಿಸಿ ಮೇಜಿನ ಮೇಲೆ ಕವುಚಿ ಇಟ್ಟಳು. "ಮೂವತ್ತೊಂದು ಜೋಡಿಗೆ ಇದನ್ನೇ ಕೊಟ್ಟಿದೀನಮ್ಮಾ. ಎಲ್ಲ ಆ ಹಿಂಬದಿ ಕೋಣೇಲೇ ಮಲಗಿ ಬಂದಿರ್ಬೇಕು, ಕಸದ ಲಾರಿ ನಿಲ್ಲೋ ಕಡೆ. ಒಬ್ಬರೂ ಕೇಳಲಿಲ್ಲ."

"ಮೂವತ್ತೊಂದರಲ್ಲಿ ಒಬ್ಬರೂನಾ?"

"ಫೋಟೋ ಕಳಿಸಿದ್ರು. ಥ್ಯಾಂಕ್ಸ್ ಹೇಳಿದ್ರು."

(ಓದುಗರೇ, ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ಮೂವತ್ತೊಂದು ಗಂಡಂದಿರು, ಮೂವತ್ತೊಂದು ಹೆಂಡತಿಯರು. ಆ ಸಾಲನ್ನು ಯಾರೂ ಓದಲಿಲ್ಲ ಎಂದು ನಂಬಲು ನನಗೆ ಮನಸ್ಸಿಲ್ಲ. ಓದಿದರು. ಓದಿ, ಮಡಚಿ, ಚೀಲದೊಳಗೆ ಇಟ್ಟುಕೊಂಡರು. ಮೇಲೆ ಕೂತು ಎಲ್ಲರ ಪ್ರಯಾಣದ ಪಟ್ಟಿ ಬರೆಯುವವನೊಬ್ಬನಿದ್ದಾನೆ. ದಿನವೂ ಅವನಿಗೆ ಕೈಮುಗಿಯುತ್ತೇನೆ. ಅವನೂ ಹೀಗೆ ಹಳೆಯದನ್ನೇ ತಿದ್ದಿ ಕೊಡುತ್ತಾನೋ ಏನೋ. ನನ್ನ ಪಾಲಿಗೆ ಬಂದ ಕೆಲವು ಸೂಚನೆಗಳು ನನ್ನವಲ್ಲ ಎಂದು ನನಗೂ ಅನ್ನಿಸಿದ್ದುಂಟು. ಕೇಳಿಲ್ಲ.)

6. ಮೊದಲ ಮುಕ್ತಾಯ

ಹೆಂಡತಿ ಹಗುರವಾಗಿ ಮನೆಗೆ ಬಂದಳು. ಗಂಡನಿಗೆ ಎಲ್ಲ ಹೇಳಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಆ ಸಾಲು ಹೊಡೆದು ಹಾಕಿಸಿ, ಕಡಲಿಗೆ ಎದುರಾದ ಕೋಣೆ ಹಿಡಿದರು. ಶುಭಂ.

"ಸ್ವಲ್ಪ ನಿಲ್ಸಿ," ಎಂದಳು ಹೆಂಡತಿ, ಚಪ್ಪಲಿ ಬಿಡುತ್ತಾ. "ಅಕ್ಕನ ಲೆಕ್ಕ ಸರಿಹೋಯ್ತು. ಇವನದು ಇನ್ನೂ ಬಾಕಿ ಇದೆ."

"ಇನ್ನೇನು ಬಾಕಿ ತಾಯಿ? ಅವನಿಗೂ ಅದಕ್ಕೂ ಸಂಬಂಧವೇ ಇಲ್ಲ ಎಂದು ಗೊತ್ತಾಯಿತಲ್ಲ?"

"ಸಂಬಂಧ ಇಲ್ಲದವನು, ನಾನು ಯಾವ ಸಾಲು ಅಂತ ಹೇಳೋ ಮುಂಚೆ ಟೈಪಿಂಗ್ ಮಿಸ್ಟೇಕ್ ಅಂತ ಹೇಗೆ ಹೇಳಿದ?"

ಶುಭಂ ಅಳಿಸಿದೆ.

6

ಗಂಡ ಆರು ಗಂಟೆಗೆ ಬಂದ. ಅವಳು ಅಕ್ಕನ ವಿಷಯವನ್ನೆಲ್ಲ ಹೇಳಿದಳು. ಅವನು ನಗಲಿಲ್ಲ. ಕುರ್ಚಿ ಎಳೆದುಕೊಂಡು ನಿಧಾನಕ್ಕೆ ಕೂತ.

"ಹಾಗಾದ್ರೆ ನೀನು ಹೇಳಿ ಬರೆಸಿದ್ದಲ್ವಾ ಅದು?" ಎಂದ.

"ನಾನ್ಯಾಕೆ ಬರೆಸಲಿ?"

"ಅಕ್ಕ ನಿನ್ನ ಹತ್ರ ಫೋನಲ್ಲಿ ಮಾತಾಡಿದ್ರಲ್ಲ, ಊಟ ತಿಂಡಿ ಎಲ್ಲ ಕೇಳ್ಕೊಳ್ಳೋಕೆ. ಆಗ ನಿನ್ನ ಬಾಯಿಂದ ಬಂದಿರ್ಬೇಕು ಅಂದ್ಕೊಂಡೆ. ಬುಧವಾರ ಲಿಫ್ಟಲ್ಲಿ ಕೆಳಗೆ ಬರ್ತಾ ಓದಿದೆ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಕಡಲನ್ನು ನೋಡಿಲ್ಲ ಎಂದು ಮದುವೆಗೆ ಮುಂಚೆಯೇ ಅವನಿಗೆ ಹೇಳಿದ್ದಳು. ಈ ಉದ್ದದ ಪ್ರಯಾಣ ಹೂಡಿದ್ದೇ ಅದಕ್ಕಾಗಿ.

"ಅಂದ್ರೆ, ನಾನು ಯಾರ ಜೊತೆಗೋ ಕಡಲಿಗೆ ಹೋಗಿ ಬಂದು, ನಿಮಗೆ ಸುಳ್ಳು ಹೇಳಿದೀನಿ ಅಂತ ಅಂದ್ಕೊಂಡ್ರಾ ನೀವು?"

(ಸಿಟ್ಟು ಬಂದಾಗ ಅವಳು ಗಂಡನನ್ನು ಬಹುವಚನಕ್ಕೆ ಏರಿಸುತ್ತಾಳೆ.)

"ಅಂದ್ಕೊಂಡೆ."

"ಬುಧವಾರದಿಂದ?"

"ಬುಧವಾರದಿಂದ. ಶನಿವಾರ ನೀನೇ ಆ ಹಾಳೆ ಹಿಡ್ಕೊಂಡು, ನೋಡಿದ್ಯಾ ಅಂದಾಗ, ಸಿಕ್ಕಿಹಾಕ್ಕೊಂಡೆ ಅಂತ ಗಾಬರಿ ಆಗಿದೀಯ ಅನ್ನಿಸ್ತು. ಅದಕ್ಕೇ ಮಿಸ್ಟೇಕ್ ಅಂದುಬಿಟ್ಟೆ."

"ಕೇಳಬೇಕು ಅನ್ನಿಸಲಿಲ್ವಾ?"

"ಲಿಫ್ಟೊಳಗೆ ಸಿಕ್ಕಿಕೊಂಡವರನ್ನ ಏನೂ ಕೇಳಬಾರದು ಕಣೇ. ನಮಗೆ ಕೆಲಸ ಕಲಿಸೋವಾಗ ಮೊದಲು ಹೇಳಿಕೊಡೋದೇ ಅದು. ಏನಾಯ್ತು, ಯಾರು ಯಾವ ಬಟನ್ ಒತ್ತಿದ್ರಿ, ಒಂದೂ ಕೇಳಬಾರದು. ಬೇರೆ ಏನಾದ್ರೂ ಮಾತಾಡ್ತಾ ಬಾಗಿಲು ತೆಗೀಬೇಕು."

"ನಾನು ಯಾವ ಲಿಫ್ಟಲ್ಲಿ ಸಿಕ್ಕಿಕೊಂಡಿದ್ದೆ ರೀ?"

ಅವನು ಉಗುರು ನೋಡಿಕೊಂಡ.

"ನಾನಿಲ್ಲಿ ಕಳ್ಳಿ ಆಗಿ ನಾಲ್ಕೈದು ದಿನ ಆಯ್ತು. ನನಗೇ ಗೊತ್ತಿಲ್ಲ. ಕ್ಷಮಿಸಿಯೂ ಬಿಟ್ಟಿದೀರ. ಅದೂ ಗೊತ್ತಿಲ್ಲ."

"ಕ್ಷಮೆ ಅಲ್ಲ..."

"ಮತ್ತೇನು?"

"ಹೋಗೋಣ ಅಂದ್ಕೊಂಡೆ. ಏನೇ ಆಗಿದ್ರೂ ಸರಿ, ನಿನ್ನ ಜೊತೆ ಹೋಗೋಣ ಅಂತ. ಹಿಂಬದಿ ಕೋಣೆ ಆದ್ರೆ ಹಿಂಬದಿ ಕೋಣೆ."

ಇದು ಪ್ರೀತಿಯೋ ಅನುಮಾನವೋ ಎಂದು ನನ್ನನ್ನು ಕೇಳಬೇಡಿ. ಬರೆಯುವಾಗ ನನ್ನ ಕಣ್ಣು ತುಂಬಿತು. ಅವಳದು ತುಂಬಲಿಲ್ಲ. ಅವಳು ಅವನ ಮುಖವನ್ನು ಒಂದು ದಾಖಲೆ ನೋಡುವಂತೆ, ಕೆಳಗಿನಿಂದ ಮೇಲಕ್ಕೆ ನೋಡುತ್ತಿದ್ದಳು.

7. ಉಳಿದ ಮುಕ್ತಾಯಗಳು

ಒಂದು: ಅವಳು ಪ್ರಯಾಣ ರದ್ದು ಮಾಡುತ್ತಾಳೆ. ("ಅಷ್ಟು ದೂರದ ಪ್ರಯಾಣ ಇಷ್ಟಕ್ಕೆ ಬಿಡೋದಾ? ಹುಚ್ಚಾ ನಿಮಗೆ?" ಎಂದಳು.)

ಇನ್ನೊಂದು: ಹೋಗುತ್ತಾರೆ, ಒಂಬತ್ತನೇ ದಿನ ವಾಪಸ್ ಬರುತ್ತಾರೆ. (ಇದನ್ನು ಬರೆದು ನಾನೇ ಹರಿದೆ. ಅದು ಅಕ್ಕನ ಕಥೆ. ಕುಂಬಾರನಿಗೆ ಮತ್ತೆ ಕಿರೀಟ ಬೇಡ.)

ಮತ್ತೊಂದು: ಕಾಡಿನ ಮರದ ಮನೆಯಲ್ಲಿ, ಹದಿನೆಂಟನೇ ದಿನ, ಎಲ್ಲ ತಿಳಿಯಾಗುತ್ತದೆ. ("ಸಾರ್, ಕಾಡಿಗೆ ಕರ್ಕೊಂಡು ಹೋದ್ರೆ ಎಲ್ಲ ಸರಿಹೋಗುತ್ತೆ ಅನ್ನೋದು ಪ್ರವಾಸದ ಕಚೇರಿಯವರ ಮಾತು," ಎಂದ ಗಂಡ. ಅವನು ನನ್ನ ಕಡೆ ತಿರುಗಿ ಮಾತಾಡಿದ್ದು ಬೆಳಗಿನ ಮೇಲೆ ಇದೇ ಮೊದಲು.)

8

ನನ್ನ ಮುಕ್ತಾಯಗಳನ್ನೆಲ್ಲ ಪಕ್ಕಕ್ಕೆ ತಳ್ಳಿ ಅವಳೇ ಮಾತು ತೆಗೆದಳು.

"ಬುಧವಾರ ಕೇಳಬೇಕಾಗಿದ್ದನ್ನ ಈಗ ಕೇಳು."

"ಈಗ್ಯಾಕೆ? ಅಕ್ಕ ಹೇಳಿದ್ರಲ್ಲ."

"ಅಕ್ಕ ಹೇಳಿದ್ದು ಅಕ್ಕನ ವಿಷಯ. ನೀನು ನನ್ನನ್ನ ಕೇಳು. ಬಾಯಿಬಿಟ್ಟು."

ಅವನು ಎರಡು ಸಲ ಗಂಟಲು ಸರಿಮಾಡಿಕೊಂಡ. ಹನ್ನೆರಡನೇ ಮಹಡಿಯಿಂದ ಲಿಫ್ಟಿನ ಬಾವಿಯೊಳಗೆ ಇಣುಕಿ ನೋಡುವವನು ಇಷ್ಟು ಹೆದರಿದ್ದನ್ನು ನಾನು ನೋಡಿರಲಿಲ್ಲ.

"ನನಗಿಂತ ಮುಂಚೆ," ಎಂದ, "ಯಾರ ಜೊತೆಗಾದ್ರೂ ಎಲ್ಲಿಗಾದ್ರೂ ಹೋಗಿದ್ಯಾ?"

ಅವಳು ನನ್ನತ್ತ ತಿರುಗಿದಳು. "ನೀವು ಸ್ವಲ್ಪ ಹೊರಗಿರಿ."

"ಅಮ್ಮಾ, ಓದುಗರು ಕಾಯುತ್ತಿದ್ದಾರೆ."

"ಅವರನ್ನೂ ಕರ್ಕೊಂಡು ಹೋಗಿ."

ಹೊರಗೆ ಬಂದೆವು, ನಾನು, ನೀವು. ಬಾಗಿಲು ಮುಚ್ಚಿತು. ಕಿವಿಗೊಡುವುದು ಪಾಪವೆಂದು ಗೊತ್ತಿದ್ದೂ ಮೆಟ್ಟಿಲ ಮೇಲೆ ಕೂತಿದ್ದೇನೆ. ಒಳಗೆ ಅವಳು ಮಾತಾಡುತ್ತಿದ್ದಾಳೆ. ಮಾತು ಬಿಡಿಬಿಡಿಯಾಗಿ ಕೇಳಿಸುವುದಿಲ್ಲ, ದನಿ ಮಾತ್ರ. ಬಹಳ ಹೊತ್ತಾಯಿತು. ‘ಇಲ್ಲ’ ಎನ್ನುವುದಕ್ಕೆ ಇಷ್ಟು ಹೊತ್ತು ಬೇಕೇ ಎಂದು ನಿಮಗೆ ಅನ್ನಿಸುತ್ತಿದೆ. ನನಗೂ.

ಆದರೆ ಅವನು ಎದ್ದು ಕುರ್ಚಿ ಸರಿಸಿದ ಸದ್ದು ಇನ್ನೂ ಬಂದಿಲ್ಲ.